ಬೇವಿನ ಕೆಳಗಿನ ನಾಲ್ಕು ಗುಡ್ಡೆ

ಯಾದಗಿರಿ ಸ್ಟೇಷನ್ನಿನಲ್ಲಿ ಮುಂಬೈ ಕಡೆಯಿಂದ ಬರುವ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಕ್ಕಳನ್ನು ಕರೆತಂದಿದ್ದ ಮಹಿಳಾ ಪೇದೆ ಬೋಗಿಯ ಬಾಗಿಲಲ್ಲಿ ನಿಂತಿದ್ದಳು, ನಾನು ಕೆಳಗೆ ಕೈ ಚಾಚಿಕೊಂಡು ನಿಂತಿದ್ದೆ. ಮೊದಲು ಚಿಕ್ಕವನನ್ನು ಇಳಿಸಿಕೊಳ್ಳೋಣವೆಂದು ಅವನ ಕಂಕುಳಿಗೆ ಕೈ ಹಾಕಿ ಎತ್ತಿದೆ. ಅವನ ಹಿಂದೆ ಅಕ್ಕನೂ ಜಗ್ಗಿಕೊಂಡು ಬಂದು ನನ್ನ ಮೈಮೇಲೆ ಬಿದ್ದಳು. ನೋಡಿದರೆ ಇಬ್ಬರ ಅಂಗಿಯ ತುದಿಗಳನ್ನು ಸೇರಿಸಿ ಗಂಟು ಹಾಕಿತ್ತು.

"ಬಿಚ್ಚು ತಂಗಿ, ಇಬ್ರೂ ಬೀಳ್ತೀರಿ," ಎಂದೆ.

"ಬಿಚ್ಚಂಗಿಲ್ರಿ. ಅವ್ವ ಕಟ್ಯಾಳ," ಎಂದಳು.

ಅವ್ವ ಸತ್ತು ಆಗಲೇ ಅರ್ಧ ವರ್ಷದ ಮೇಲಾಗಿತ್ತು. ಅಂಗಿಗಳು ಹೊಸವು, ಮುಂಬೈಯಲ್ಲಿ ಯಾರೋ ಕೊಡಿಸಿದ್ದು. ಅವ್ವ ಒಂದು ಸಲ ಕಟ್ಟಿದ ಗಂಟನ್ನು ಈ ಹುಡುಗಿ ಬಟ್ಟೆ ಬದಲಾಯಿಸಿದಾಗಲೆಲ್ಲ ತಾನೇ ಮತ್ತೆ ಹಾಕುತ್ತ ಬಂದಿದ್ದಳು. ಇದು ಪೇದೆ ನನಗೆ ಪ್ಲಾಟ್‌ಫಾರ್ಮಿನ ಮೇಲೆ ಹೇಳಿದ ಮಾತು. ಹೇಳಿ ಆಕೆ ಕಣ್ಣು ಒರೆಸಿಕೊಂಡಳು, ನನಗೆ ಸಹಿ ಹಾಕಬೇಕಾದ ಕಾಗದ ಕೊಟ್ಟಳು. ನಾನು ತಂದೆತಾಯಿ ಇಲ್ಲದ ಮಕ್ಕಳ ಮನೆತನ ಹುಡುಕಿ, ಅವರನ್ನು ಅಲ್ಲಿಗೆ ಸೇರಿಸಬಹುದೇ ಇಲ್ಲವೇ ಎಂದು ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡುವ ಕೆಲಸದಲ್ಲಿದ್ದೇನೆ. ಗುಳೆ ಹೋದಲ್ಲಿ ತಪ್ಪಿಸಿಕೊಂಡ ಮಕ್ಕಳು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಮಕ್ಕಳು, ಅಪಘಾತದಲ್ಲಿ ಒಂಟಿಯಾದ ಮಕ್ಕಳು, ಇವರನ್ನೆಲ್ಲ ನೋಡಿದ್ದೆ. ಯುದ್ಧ ಮಾತ್ರ ನಮ್ಮ ಜಿಲ್ಲೆಗೆ ಟಿವಿಯಲ್ಲಿ ಬಂದು ಊಟದ ಹೊತ್ತಿಗೆ ಹೋಗಿಬಿಡುತ್ತಿತ್ತು. ಅದು ಹೀಗೆ ರೈಲಿನಿಂದ ಇಳಿದು ನನ್ನ ಕೈಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಮಕ್ಕಳ ತಂದೆ ಶಹಾಪುರ ತಾಲ್ಲೂಕಿನಲ್ಲಿ ಸಗರದ ಆಚೆ ಇರುವ ಒಂದು ಹಳ್ಳಿಯವನು. ಕಟ್ಟಡ ಕಟ್ಟುವ ಗೌಂಡಿ ಕೆಲಸ. ಮೊದಲು ಪುಣೆ, ಆಮೇಲೆ ಸಮುದ್ರದಾಚೆಯ ದೇಶ. ಅಲ್ಲಿ ಮೇಸ್ತ್ರಿಯಾಗಿ, ಇರಲು ಒಂದು ಕೋಣೆ ಸಿಕ್ಕ ಮೇಲೆ ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆಸಿಕೊಂಡಿದ್ದ. ಮಗ ಅಲ್ಲಿಯೇ ಹುಟ್ಟಿದ. ಹೆಂಡತಿ ನಮ್ಮ ಕಡೆಯ ಕೂಲಿಯವರಿಗೆಲ್ಲ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ಆ ದೇಶಕ್ಕೆ ಯುದ್ಧ ಹತ್ತಿಕೊಂಡಾಗ ಕಟ್ಟಡದವರೆಲ್ಲ ನೆಲದಡಿಯ ಕೋಣೆಗೆ ಇಳಿದರು. ಅಂದು ಏನಾಯಿತೆಂಬುದನ್ನು ಹುಡುಗಿ ನನಗೆ ಜೀಪಿನಲ್ಲಿ, ನಾನು ಕೇಳದೆಯೇ, ಪಾಠ ಒಪ್ಪಿಸುವವರ ಹಾಗೆ ಹೇಳಿದಳು.

"ಅವ್ವ ರೊಟ್ಟಿ ಹಂಚಿನ ಮ್ಯಾಲೇ ಬಿಟ್ಟು ಬಂದಿದ್ಳು. ಒಲಿ ಆರಿಸಿ ಬರ್ತೀನಿ, ತಮ್ಮನ್ನ ಬಿಡಬ್ಯಾಡ ಅಂತ ನಮ್ಮಿಬ್ಬರನ್ನ ಕಟ್ಟಿ ಹೋದ್ಳು. ಬರಲಿಲ್ಲಂತ ಅಪ್ಪ ಕರಿಯಾಕ ಹೋದ. ಆಮ್ಯಾಲ ಕತ್ತಲಾತು."

ಅಷ್ಟೇ. ಜೀಪಿನ ಡ್ರೈವರ್ ಗಾಡಿಯನ್ನು ರಸ್ತೆಯ ಪಕ್ಕ ನಿಲ್ಲಿಸಿ, ನೀರು ಕುಡಿಯುವ ನೆವ ಮಾಡಿ ಕೆಳಗಿಳಿದ. ನಾನು ಹುಡುಗನ ಮೂಗು ಒರೆಸಿದೆ. ಅವನು ಮಾತಾಡುತ್ತಿರಲಿಲ್ಲ. ಅವಶೇಷದಡಿಯಿಂದ ತೆಗೆದಂದಿನಿಂದಲೂ ಒಂದು ಮಾತೂ ಆಡಿಲ್ಲವೆಂದು ಕಾಗದದಲ್ಲಿ ಬರೆದಿತ್ತು.

ಶಹಾಪುರದಲ್ಲಿ ಹೆಣ್ಣುಮಕ್ಕಳಿಗಾಗಿ ನಡೆಯುವ ಒಂದು ಮಕ್ಕಳ ಮನೆಯಲ್ಲಿ ಅವರನ್ನು ಇರಿಸಿದೆವು. ಹುಡುಗನಿಗೆ ಆರು ತುಂಬಿರದ ಕಾರಣ ಅಕ್ಕನ ಜೊತೆ ಇರಲು ಸಮಿತಿ ಒಪ್ಪಿತು. ಆಸ್ಪತ್ರೆಯಲ್ಲಿ ತೂಕ, ಎತ್ತರ, ಗಾಯದ ಗುರುತು ಎಲ್ಲ ಬರೆಸಬೇಕು. ಡಾಕ್ಟರು ಒಬ್ಬೊಬ್ಬರಾಗಿ ಬನ್ನಿ ಎಂದರು, ಹುಡುಗಿ ಗಂಟು ಹಿಡಿದು ನಿಂತಳು. ಕೊನೆಗೆ ಇಬ್ಬರನ್ನೂ ಒಟ್ಟಿಗೆ ತೂಕದ ಮೇಲೆ ನಿಲ್ಲಿಸಿ, ಆಮೇಲೆ ತಮ್ಮನನ್ನು ಪಕ್ಕದ ನೆಲಕ್ಕೆ ಇಳಿಸಿ ಅವಳೊಬ್ಬಳನ್ನೇ ನಿಲ್ಲಿಸಿ, ಕಳೆದು ಲೆಕ್ಕ ಹಾಕಿದೆವು. ಡಾಕ್ಟರಿಗೆ ಸಿಟ್ಟು ಬರಲಿಲ್ಲ, ಅದು ನಮ್ಮ ಪುಣ್ಯ.

ಹೊಸ ಮಕ್ಕಳು ಬಂದಾಗ ಅಂಗಳಕ್ಕೆ ಕರೆದುಕೊಂಡು ಹೋಗಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟ ತೋರಿಸುವುದು ಅಲ್ಲಿಯ ರೂಢಿ. ಹಣೆ, ಮೂಗು, ಎದೆ ಎಲ್ಲ ಗುರುತಿಸಿ ಮಕ್ಕಳು ನಗುತ್ತಾರೆ, ಸಲಿಗೆ ಬೆಳೆಯುತ್ತದೆ. ಈ ಹುಡುಗಿಗೂ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಅದರ ಕೆಳಗ ಕೋಣಿ ಅದ ಏನ್ರಿ?" ಎಂದು ಕೇಳಿದಳು. "ಎಷ್ಟು ಮಂದಿ ಹಿಡಿತಾರ?"

ಇಂಥ ಮಕ್ಕಳನ್ನು ನೋಡಿಕೊಳ್ಳಲು ಕೆಲವು ನಿಯಮಗಳಿವೆ. ಏನಾಯಿತು, ಯಾಕಾಯಿತು ಎಂದು ಕೆದಕಬಾರದು. ಊಟ, ಸ್ನಾನ, ನಿದ್ದೆ ದಿನಾಲೂ ಅದೇ ಹೊತ್ತಿಗೆ, ಅದೇ ವ್ಯಕ್ತಿಯ ಕೈಯಿಂದ ಆಗಬೇಕು. ದೊಡ್ಡ ಸಪ್ಪಳವಾಗುವುದಿದ್ದರೆ ಮುಂಚೆಯೇ ಹೇಳಬೇಕು. ಹುಡುಗಿ ಮಲಗುವಾಗಲೂ ಚಪ್ಪಲಿ ಕಳಚುತ್ತಿರಲಿಲ್ಲ, ತಮ್ಮನಿಗೂ ಹಾಕಿಸಿಯೇ ಮಲಗಿಸುತ್ತಿದ್ದಳು. ನಾವು ಕಳಚಲು ಹೇಳಲಿಲ್ಲ, ಹಾಸಿಗೆಗೊಂದು ಹಳೆಯ ಬೆಡ್‌ಶೀಟ್ ಹಾಸಿದೆವು. ಹುಡುಗ ಅಡುಗೆಮನೆಯ ಕಲ್ಲಿನ ಕಟ್ಟೆಯ ಕೆಳಗೆ ಸೇರಿಕೊಂಡರೆ ಹೊರಗೆ ಬರುತ್ತಿರಲಿಲ್ಲ. ಅಕ್ಕನೂ ಅವನ ಪಕ್ಕ ಬಾಗಿಕೊಂಡು ಕೂರಬೇಕಾಗುತ್ತಿತ್ತು, ಗಂಟು ಇದೆಯಲ್ಲ.

ನಿಯಮ ಪಾಲಿಸುವ ಹುರುಪಿನಲ್ಲಿ ನಾನೊಂದು ಜಾಣತನ ಮಾಡಿದೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಮಕ್ಕಳಿಗೆ ಅಂದಿನದು ನೆನಪಾದೀತು ಎಂದು ಹೆದರಿ, ಸ್ವಲ್ಪ ದಿನ ಅನ್ನ, ಚಪಾತಿ ಸಾಕು, ರೊಟ್ಟಿ ಬೇಡ ಎಂದು ಅಡುಗೆಯಾಕೆಗೆ ಹೇಳಿದೆ. ಉಳಿದ ಹುಡುಗಿಯರು ಮುಖ ಊದಿಸಿಕೊಂಡರು. ನಮ್ಮ ಕಡೆ ರೊಟ್ಟಿ ಇಲ್ಲದ್ದು ಊಟವೇ ಅಲ್ಲ. ಈ ಇಬ್ಬರಂತೂ ತಟ್ಟೆ ಮುಟ್ಟುತ್ತಿರಲಿಲ್ಲ. ದಿನದಿಂದ ದಿನಕ್ಕೆ ಹುಡುಗನ ಕಣ್ಣು ಒಳಗೆ ಹೋಗತೊಡಗಿದವು. ಒಂದು ದಿನ ಅಕ್ಕಿಯ ಚೀಲ ಬರುವುದು ತಡವಾಯಿತು, ಗೋಧಿ ಹಿಟ್ಟೂ ಮುಗಿದಿತ್ತು. ಅಡುಗೆಯಾಕೆ ಬೇರೆ ದಾರಿಯಿಲ್ಲದೆ ಜೋಳದ ಹಿಟ್ಟು ನಾದಿ ಬಡಿಯಲು ಕೂತಳು. ನಾನು ಆಗ ವರಾಂಡದಲ್ಲಿದ್ದೆ. ಸಪ್ಪಳ ಕೇಳಿ ಒಳಗೆ ಓಡಿದೆ.

ಹುಡುಗ ಕಟ್ಟೆಯ ಕೆಳಗಿಂದ ಹೊರಗೆ ಬಂದಿದ್ದ. ಅಕ್ಕನನ್ನು ಎಳೆದುಕೊಂಡು ಒಲೆಯ ಹತ್ತಿರ ಹೋದ, ಅಡುಗೆಯಾಕೆಯ ಬೆನ್ನಿನ ಹಿಂದೆ ನಿಂತ, ಆಮೇಲೆ ಸುತ್ತು ಬಳಸಿ ಬಂದು ಅವಳ ಮುಖ ನೋಡಿದ. ಅದು ಅವ್ವನ ಮುಖವಲ್ಲ. ಅವನು ಅಳಲಿಲ್ಲ. ಬಂದ ಹಾಗೆಯೇ ಹಿಂದಿರುಗಿ ಕಟ್ಟೆಯ ಕೆಳಗೆ ಹೋಗಿ ಕೂತ. ಅಡುಗೆಯಾಕೆ ಕೈಯಲ್ಲಿದ್ದ ಬಿಸಿ ರೊಟ್ಟಿಯನ್ನು ಹಾಗೆಯೇ ಅವನ ಮುಂದೆ ಇಟ್ಟಳು. ಅಕ್ಕ ಮುರಿದು ಬಾಯಿಗಿಟ್ಟಾಗ ತಿಂದ. ಅಂದಿನಿಂದ ರೊಟ್ಟಿಗೆ ತಡೆಯಿರಲಿಲ್ಲ, ನನ್ನ ಜಾಣತನದ ಬಗ್ಗೆ ಅಲ್ಲಿ ಯಾರೂ ಮಾತೆತ್ತಲಿಲ್ಲ.

ಇನ್ನು ಮನೆತನದ ವಿಚಾರ. ಹುಡುಗಿಗೆ ಊರಿನ ಹೆಸರು ಗೊತ್ತಿತ್ತು, ಮನೆಯಲ್ಲಿ ಆಯಿ, ಅಂದರೆ ಅಪ್ಪನ ಅವ್ವ, ಇದ್ದಾಳೆ, ಕಾಕಾ ಇದ್ದಾನೆ, ಹೊಲದಲ್ಲಿ ಬೇವಿನ ಮರ ಇದೆ ಎಂಬುದು ನೆನಪಿತ್ತು. ಆ ಊರಿನ ಅಂಗನವಾಡಿ ಟೀಚರಿಂದ ಕಾಕಾನ ನಂಬರು ಪಡೆದು ಫೋನ್ ಮಾಡಿದೆ. ಒಳ್ಳೆಯ ಸುದ್ದಿ ಹೇಳುವ ಅವಕಾಶ ನಮ್ಮ ಕೆಲಸದಲ್ಲಿ ಅಪರೂಪ. ಸ್ವಲ್ಪ ಸಂಭ್ರಮದಲ್ಲೇ ಇದ್ದೆ ಅನ್ನಬೇಕು.

"ನಿಮ್ಮ ಅಣ್ಣನ ಮಕ್ಕಳು ನಮ್ಮ ಹತ್ರ ಅದಾರ. ಇಬ್ರೂ ಆರಾಮ ಅದಾರ," ಎಂದೆ.

ಆ ಕಡೆ ಓಡುತ್ತಿದ್ದ ಟ್ರ್ಯಾಕ್ಟರ್ ಸಪ್ಪಳ ನಿಂತಿತು.

"ಅವರು ಸತ್ತಾರ್ರಿ, ಮೇಡಂ," ಎಂದ ಅವನು. "ಮಣ್ಣು ಕೊಟ್ಟೀವಿ. ನಿಮಗ ಯಾರೋ ತಪ್ಪು ಹೇಳ್ಯಾರ." ಫೋನ್ ಇಟ್ಟುಬಿಟ್ಟ.

ಮೋಸದ ಕರೆ ಎಂದುಕೊಂಡಿರಬೇಕು ಎನಿಸಿತು. ಈಗಿನ ಕಾಲದಲ್ಲಿ ಯಾರು ನಂಬುತ್ತಾರೆ? ಮಣ್ಣು ಕೊಟ್ಟೀವಿ ಎಂದದ್ದನ್ನು, ಅತ್ತು ಕೈಬಿಟ್ಟಿದ್ದೇವೆ ಎಂಬರ್ಥದಲ್ಲಿ ತೆಗೆದುಕೊಂಡೆ. ಮರುದಿನ ಬೆಳಿಗ್ಗೆ ಹುಡುಗನಿಗೆ ಮೊಸರನ್ನ ತಿನ್ನಿಸಿ, ಸ್ಕೂಟಿ ಹತ್ತಿ ಊರಿಗೇ ಹೋದೆ.

ಇಂಥ ಭೇಟಿಯಲ್ಲಿ ನೋಡಬೇಕಾದದ್ದು ಬಹಳ ಇರುತ್ತದೆ. ಮನೆಯಲ್ಲಿ ಎಷ್ಟು ಕೋಣೆ, ಮಕ್ಕಳು ಎಲ್ಲಿ ಮಲಗುತ್ತಾರೆ, ಕುಡಿಯುವ ನೀರು ಎಲ್ಲಿಂದ, ಶಾಲೆ ಎಷ್ಟು ದೂರ, ಊಟಕ್ಕೆ ಹಾಕುವವರು ಯಾರು, ಅವರ ಮಾತು ಹೇಗಿದೆ. ಮನೆ ಚೊಕ್ಕಟವಾಗಿತ್ತು. ಕಟ್ಟೆಯ ಮೇಲೆ ಆಯಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಬಾಗಿಲಲ್ಲಿ ಕಾಕಾನ ಹೆಂಡತಿ, ದಿನ ತುಂಬಿದ ಬಸುರಿ, ಗೋಡೆಗೆ ಒರಗಿ ನಿಂತಿದ್ದಳು. ನಾನು ಫೋನಿನಲ್ಲಿ ಮಕ್ಕಳ ಫೋಟೋ ತೆಗೆದು ಕಾಕಾನ ಮುಂದೆ ಹಿಡಿದೆ. ಅವನು ನೋಡಿದ, ನಿಂತಲ್ಲೇ ಕುಸಿದು ಕೂತ. ಆಯಿಯ ಕಡೆ ತಿರುಗಿಸಿದೆ. ಅವಳು ನೋಡಲಿಲ್ಲ.

"ಮುಚ್ಚವ್ವ ಅದನ್ನ," ಎಂದಳು ಮೊರದಿಂದ ಕಣ್ಣೆತ್ತದೆ. "ಬಸುರಿ ನಿಂತಾಳ."

ನನಗೆ ಅರ್ಥವಾಗಲಿಲ್ಲ. ಕಾಕಾ ಎದ್ದು, "ಬರ್ರಿ ಮೇಡಂ, ಹೊಲಕ್ಕ ಹೋಗೋಣು," ಎಂದ. ಊರ ಹೊರಗೆ ಹತ್ತಿ ಹೊಲ. ಅದರ ಮೂಲೆಯಲ್ಲಿ ದೊಡ್ಡ ಬೇವಿನ ಮರ. ಮರದ ಕೆಳಗೆ ಸಾಲಾಗಿ ನಾಲ್ಕು ಮಣ್ಣಿನ ಗುಡ್ಡೆ, ಸುತ್ತ ಸುಣ್ಣ ಬಳಿದ ಕಲ್ಲು. ಎರಡು ಉದ್ದನೆಯವು, ಎರಡು ಚಿಕ್ಕವು.

"ಇದು ಅಣ್ಣ, ಇದು ವೈನಿ," ಎಂದ ಅವನು. "ಇದು ಹುಡುಗಿ. ಇದು ಸಣ್ಣಾಂವ."

ಸುಳ್ಳೇಕೆ, ಬೇವಿನ ಬೊಡ್ಡೆ ಹಿಡಿದುಕೊಂಡು ನಿಂತೆ. ಎರಡು ತಾಸಿನ ಹಿಂದೆ ನಾನು ತುಟಿ ಒರೆಸಿ ಬಂದ ಹುಡುಗನ ಗೋರಿ ನನ್ನ ಕಾಲ ಬುಡದಲ್ಲಿತ್ತು. ಅದರ ಮೇಲೆ ಬೇವಿನ ಎಲೆ ಬಿದ್ದಿದ್ದವು, ಯಾರೋ ಹಚ್ಚಿದ ಊದುಬತ್ತಿಯ ಕಡ್ಡಿಯೂ ಇತ್ತು.

ಅವನು ನಿಧಾನವಾಗಿ ಹೇಳಿದ. ಅಣ್ಣನ ಜೊತೆ ಕೆಲಸಕ್ಕಿದ್ದ ಪಕ್ಕದೂರಿನವನೊಬ್ಬ ಫೋನ್ ಮಾಡಿ, ಕಟ್ಟಡ ಬಿತ್ತು, ಮನೆಮಂದಿಯೆಲ್ಲ ಹೋದರು ಎಂದಿದ್ದ. ಆಮೇಲೆ ಅವನ ಫೋನೂ ಹತ್ತಲಿಲ್ಲ. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಹೆಣ ಸಿಗದಿದ್ದರೆ ತೊಟ್ಟ ಬಟ್ಟೆಯನ್ನಾದರೂ ಹೂಳಿ ಮಣ್ಣು ಕೊಡುವುದು ಅವರ ಮನೆತನದ ಪದ್ಧತಿ, ಇಲ್ಲವಾದರೆ ಹೋದವರಿಗೆ ನೆಲೆ ಸಿಗುವುದಿಲ್ಲ. ಹಿರಿಯರು ಕೂತು ಹಾಗೇ ಮಾಡಿ ಎಂದರು.

"ಅಣ್ಣನ ಅಂಗಿ ಇತ್ತು, ವೈನಿದು ಮದುವಿ ಸೀರಿ ಇತ್ತು. ಹುಡುಗಿದು ಇಲ್ಲೇ ಬಿಟ್ಟು ಹೋದ ಹಳೀ ಫ್ರಾಕ್. ಸಣ್ಣಾಂವಂದು ಏನೂ ಇದ್ದಿಲ್ರಿ. ಅವನ್ನ ನಾವು ಕಂಡೇ ಇಲ್ಲ. ಅವ ಹುಟ್ಟಿದ ಸುದ್ದಿ ಬಂದಾಗ ನಮ್ಮವ್ವ ಒಂದು ಕುಂಚಿಗಿ ಹೊಲಿದಿದ್ಳು, ಬಂದಾಗ ತಲಿಗೆ ಹಾಕೋಣಂತ ಪೆಟ್ಟಿಗ್ಯಾಗ ಇಟ್ಟಿದ್ಳು. ಅದನ್ನೇ ಇಟ್ಟೀವಿ."

ಕುಂಚಿಗೆ ಎಂದರೆ ಕೂಸಿನ ತಲೆ, ಕಿವಿ ಮುಚ್ಚಿ ಬೆನ್ನಿನ ಮೇಲೆ ಇಳಿಯುವ ಬಟ್ಟೆಯ ಟೊಪ್ಪಿಗೆ. ನಮ್ಮ ಕಡೆ ಅಜ್ಜಿಯರು ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಹೊಲಿಯುತ್ತಾರೆ. ನನಗೂ ನನ್ನ ಅಜ್ಜಿ ರಂಗಂಪೇಟೆಯಲ್ಲಿ ಹೊಲಿದಿದ್ದಳಂತೆ.

"ಆತಲ್ಲ, ತಪ್ಪು ಸುದ್ದಿ ಬಂತು, ತಪ್ಪಾತು. ಈಗ ಕರಕೊಂಡು ಬರ್ರಿ," ಎಂದೆ.

ಅವನು ತಲೆ ತಗ್ಗಿಸಿದ. "ಮಣ್ಣು ಕೊಡಿಸಿಕೊಂಡವರು ತಿರುಗಿ ಹೊಸ್ತಿಲ ದಾಟಿದ್ರ ಮನ್ಯಾಗ ಇನ್ನೊಂದು ಜೀವ ಹೋಗ್ತದಂತ್ರಿ. ನಮ್ಮಾಕಿಗಿ ಎರಡು ಸಲ ಕೂಸು ನಿಂತಿಲ್ಲ. ಇದು ಮೂರನೇದು. ಸಾಲಿಗೆ, ದವಾಖಾನಿಗೆ ಏನ್ ಬೇಕು ನಾ ನೋಡ್ಕೋತೀನಿ. ಹೊಸ್ತಿಲ ಒಳಗ ಮಾತ್ರ ಆಗಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಜೀವ ಇದ್ದ ಮಕ್ಕಳನ್ನ ಹೂಳಿ, ಈಗ ಅವರನ್ನೇ ದೆವ್ವ ಮಾಡ್ತೀರೇನು?" ಎಂದೆ. ಅವನು ಚಿಕ್ಕ ಗುಡ್ಡೆಯ ಮೇಲಿನ ಎಲೆಗಳನ್ನು ಒಂದೊಂದಾಗಿ ತೆಗೆಯುತ್ತ ಕೂತ. ಅದನ್ನು ನೋಡಿ ನನ್ನ ಸಿಟ್ಟು ಇಳಿಯಿತು, ಇಳಿದ ಮೇಲೆ ಇನ್ನಷ್ಟು ಕಷ್ಟವಾಯಿತು. ಕಲ್ಲು ಮನಸ್ಸಿನವರಾದರೆ ಎದುರಿಸಬಹುದು, ಇವನು ಅಂಥವನಲ್ಲ. ಎರಡು ಕೂಸು ಕಳೆದುಕೊಂಡ ಹೆದರಿಕೆ ಅದು. ನಾನೂ ಇದೇ ಮಣ್ಣಿನವಳು, ಆ ಹೆದರಿಕೆ ನಗುವಂಥದ್ದಲ್ಲ ಎಂದು ನನಗೆ ಗೊತ್ತು. ಕಾಯ್ದೆ ತೋರಿಸಿ ಮಕ್ಕಳನ್ನು ಹೊಸ್ತಿಲು ದಾಟಿಸಬಹುದು, ಆದರೆ ತೊಡೆಯ ಮೇಲೆ ಕೂರಿಸಲು ಕಾಯ್ದೆಗೆ ಆಗುವುದಿಲ್ಲ.

ಸಮಿತಿಯ ಮುಂದಿನ ಬೈಠಕ್ ಹತ್ತಿರದಲ್ಲಿತ್ತು. ಮನೆಯವರು ಬೇಡವೆಂದರೆ ಮುಂದೇನೆಂಬುದು ನನಗೆ ಸ್ಪಷ್ಟವಿತ್ತು. ಹುಡುಗನಿಗೆ ಆರು ತುಂಬಿದ ಮೇಲೆ ಹೆಣ್ಣುಮಕ್ಕಳ ಮನೆಯಲ್ಲಿ ಇಡುವಂತಿಲ್ಲ. ಅದಕ್ಕೂ ಮೊದಲೇ ದತ್ತು ಕೇಂದ್ರಕ್ಕೆ ಕಳಿಸುವ ಮಾತು ಬರುತ್ತದೆ. ಅಕ್ಕ ತಮ್ಮನನ್ನು ಒಟ್ಟಿಗೆ ಇಡಬೇಕೆಂದು ನಿಯಮ ಹೇಳುತ್ತದೆ, ನಿಜ. ಆದರೆ ಚಿಕ್ಕ ಗಂಡು ಹುಡುಗನನ್ನು ಬಯಸಿ ಬರುವವರು ಹತ್ತು ವರ್ಷದ ಅಕ್ಕನನ್ನೂ ಸೇರಿಸಿ ಒಯ್ಯುವುದನ್ನು ನಾನು ಹೆಚ್ಚು ಕಂಡಿಲ್ಲ. ಆ ಗಂಟನ್ನು ಒಂದಲ್ಲ ಒಂದು ದಿನ ಯಾರಾದರೂ ಬಿಚ್ಚಬೇಕಾಗುತ್ತದೆ. ಅದು ನಾನೇ ಆಗಬಹುದು ಎಂದು ದಾರಿಯುದ್ದಕ್ಕೂ ಎನಿಸುತ್ತಿತ್ತು.

ಮಕ್ಕಳ ಮನೆಗೆ ಬಂದರೆ ಹುಡುಗಿ ಗೇಟಿನಲ್ಲೇ ಕಾಯುತ್ತಿದ್ದಳು, ಪಕ್ಕದಲ್ಲಿ ತಮ್ಮ.

"ಆಯಿ ಏನಂದ್ಳು?"

"ಹೊಲದಾಗ ಹತ್ತಿ ಬಿಡಿಸೋದು ನಡದದ," ಎಂದೆ ಸ್ಕೂಟಿ ನಿಲ್ಲಿಸುತ್ತ. "ಕೆಲಸ ಮುಗಿಸಿ ಬರ್ತಾಳಂತ."

ಅವಳು ನನ್ನನ್ನು ದಿಟ್ಟಿಸಿದಳು. ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ.

"ಅಲ್ಲೂ ಹಿಂಗೇ ಅಂದ್ರು," ಎಂದಳು. "ಅವ್ವ ಮ್ಯಾಲ ಕೆಲಸದಾಗ ಅದಾಳ, ಮುಗಿಸಿ ಬರ್ತಾಳ ಅಂದ್ರು."

ಇಷ್ಟು ವರ್ಷದ ಕೆಲಸದಲ್ಲಿ ನನಗೆ ಯಾರೂ ಹಾಗೆ ಕೆನ್ನೆಗೆ ಹೊಡೆದಿರಲಿಲ್ಲ. ಹೆಲ್ಮೆಟ್ ಕೂಡ ತೆಗೆಯದೆ ಮೆಟ್ಟಿಲ ಮೇಲೆ ಕೂತೆ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಹುಡುಗ ನಮ್ಮ ಕಾಲ ಬಳಿ ಇರುವೆಗಳನ್ನು ನೋಡುತ್ತಿದ್ದ. ಹೇಳಬೇಕೋ ಬೇಡವೋ ಎಂದು ಯಾರನ್ನೂ ಕೇಳದೆ ಹೇಳಿಬಿಟ್ಟೆ. ನೀವಿಬ್ಬರೂ ಹೋದಿರಿ ಎಂದು ಊರಿಗೆ ಸುದ್ದಿ ಬಂತು, ಆಯಿ ಬಹಳ ಅತ್ತಳು, ನಿಮ್ಮ ನಾಲ್ವರ ಬಟ್ಟೆ ಹೂಳಿ ಮಣ್ಣು ಕೊಟ್ಟಿದ್ದಾರೆ, ಅದಕ್ಕೆ ಈಗ ನಿಮ್ಮನ್ನು ನೋಡಲು ಅವರಿಗೆ ಹೆದರಿಕೆ ಎಂದೆ.

"ನಂದೂ ಅದ ಏನ್ರಿ?" ಎಂದು ಕೇಳಿದಳು.

"ಅದ."

"ತಮ್ಮಂದು?"

"ಅದ."

"ಅವ್ವಂದೂ ಅದ?"

"ಹೌದು. ಬೇವಿನ ಮರದ ಕೆಳಗ."

"ಹಂಗಾದ್ರ ನನ್ನ ಕರಕೊಂಡು ಹೋಗ್ರಿ," ಎಂದಳು. "ನಾ ಅವ್ವಗ ಮಣ್ಣು ಕೊಟ್ಟಿಲ್ಲ."

ನನ್ನನ್ನು ದಂಗುಬಡಿಸಿದ್ದು ಅವಳಿಗೆ ಒಳ್ಳೆಯ ಸುದ್ದಿಯಾಗಿತ್ತು. ಅವ್ವ ಎಲ್ಲಿಯೂ ಇಲ್ಲದಂತಾಗಿದ್ದವಳು ಈಗ ಒಂದು ಜಾಗದಲ್ಲಿದ್ದಳು.

ಮಕ್ಕಳ ಮನೆಯ ವಾರ್ಡನ್ ಒಪ್ಪಲಿಲ್ಲ. ಮಕ್ಕಳಿಗೆ ಅವರದೇ ಗೋರಿ ತೋರಿಸುವುದೆಂದರೇನು, ಹುಡುಗ ಇನ್ನಷ್ಟು ಮುದುಡಿಕೊಂಡರೆ ಯಾರು ಹೊಣೆ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ನನಗೂ ಒಳಗೊಳಗೆ ಅದೇ ಪುಕಪುಕ. ಕಲಬುರಗಿಯ ಒಬ್ಬ ಆಪ್ತಸಮಾಲೋಚಕಿಗೆ ಫೋನ್ ಮಾಡಿದೆ. ಮಗು ತಾನಾಗಿ ಕೇಳಿದೆ, ನೀವು ತಡೆದರೆ ಅದು ಕಲ್ಪಿಸಿಕೊಳ್ಳುವುದು ಇನ್ನೂ ಭಯಂಕರವಾಗಿರುತ್ತದೆ, ಆದರೆ ಹಿಂದಿರುಗುವ ದಾರಿ ಮಗುವಿನ ಕೈಯಲ್ಲಿರಲಿ ಎಂದರು ಅವರು. ಸಮಿತಿಯ ಅಧ್ಯಕ್ಷರಿಗೆ ಮನೆಗೆ ಅಲ್ಲ, ಹೊಲಕ್ಕೆ ಎಂದು ವಿವರಿಸಿ ಅನುಮತಿ ಪಡೆದೆ. ಹೋಗುವ ಮುನ್ನ ಅಂಗಳದಲ್ಲಿ ನಾಲ್ಕು ಕಲ್ಲು ಜೋಡಿಸಿ, ಯಾವುದು ಎಲ್ಲಿದೆ, ಎಷ್ಟು ದೊಡ್ಡದು ಎಂದು ಇಬ್ಬರಿಗೂ ತೋರಿಸಿದೆ. ನೀನು ಕೈ ಎತ್ತಿದರೆ ಆ ಕ್ಷಣ ಹೊರಡೋಣ, ಯಾಕೆಂದು ನಾನು ಕೇಳುವುದಿಲ್ಲ ಎಂದು ಹುಡುಗಿಗೆ ಹೇಳಿದೆ. ಕಾಕಾನಿಗೆ ಫೋನ್ ಮಾಡಿ, ಊರ ಮಂದಿ ಸೇರಬಾರದು, ನೀವೊಬ್ಬರೇ ಬನ್ನಿ ಎಂದೆ. ಅವನು ಹೂಂ ಎಂದ. "ನಮ್ಮವ್ವ ಬರಂಗಿಲ್ರಿ," ಎಂದೂ ಸೇರಿಸಿದ.

ಮಧ್ಯಾಹ್ನದ ಊಟ ಮುಗಿಸಿ ಹೋದೆವು. ಜೀಪನ್ನು ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದೆವು. ಕಾಕಾ ಮರದಿಂದ ಸ್ವಲ್ಪ ದೂರದಲ್ಲಿ ನಿಂತಿದ್ದ. ಮಕ್ಕಳನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದು, ಮತ್ತೆ ಹಿಂದೆ ಹೋದ. ಹೊಲದ ಆ ಕಡೆಯ ಬದುವಿನ ಮೇಲೆ ಆಯಿಯೂ ಇದ್ದಳು. ಬರುವುದಿಲ್ಲ ಎಂದವಳು ಬಂದಿದ್ದಳು, ಆದರೆ ನಮಗೆ ಬೆನ್ನು ಮಾಡಿ ನಿಂತಿದ್ದಳು. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡಿದ್ದಳು.

ಹುಡುಗಿ ನಾಲ್ಕೂ ಗುಡ್ಡೆಗಳನ್ನು ಸುತ್ತಿ ಬಂದಳು. ನನ್ನ ಕಣ್ಣು ಅವಳ ಕೈಯ ಮೇಲೇ ಇತ್ತು, ಅದು ಮೇಲೆ ಏಳಲಿಲ್ಲ. ಅವ್ವನ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈ ಇಟ್ಟಳು. ಸುತ್ತ ಮಣ್ಣಿಗಾಗಿ ನೋಡಿದಳು. ನಮ್ಮ ಎರೆ ನೆಲ ಒಣಗಿದರೆ ಕಲ್ಲಿನಂತೆ, ಹಿಡಿ ಮಣ್ಣೂ ಕೈಗೆ ಬರುವುದಿಲ್ಲ. ಉಗುರಿನಿಂದ ಕೆರೆದು ನೋಡಿದಳು, ಆಗಲಿಲ್ಲ. ಆಮೇಲೆ ಎದ್ದು ತನ್ನ ಗುಡ್ಡೆಯ ಬಳಿ ಹೋಗಿ ಸುಣ್ಣದ ಕಲ್ಲುಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟಳು.

"ಇದರಾಗ ಯಾರಿಲ್ಲ," ಎಂದಳು ಕಾಕಾನಿಗೆ. "ತಗೋತೀನಿ."

ಅವಳು ಚಪ್ಪಲಿಯ ಹಿಮ್ಮಡಿಯಿಂದ ಗುಡ್ಡೆಯ ನೆತ್ತಿ ಒದ್ದು ಒಡೆದಳು. ಒಳಗಿನ ಮಣ್ಣು ಸಡಿಲವಿತ್ತು. ಒಂದು ಕೈಯಲ್ಲಿ ಹಿಡಿದಳು, ಬೆರಳ ಸಂದಿನಿಂದ ಸೋರಿ ಹೋಯಿತು. ಬೊಗಸೆ ಬೇಕು, ಬೊಗಸೆ ಹಿಡಿದು ನಡೆದರೆ ತಮ್ಮನ ಗಂಟು ಎಳೆಯುತ್ತದೆ. ಅವಳು ಒಮ್ಮೆ ತಮ್ಮನನ್ನು ನೋಡಿದಳು, ಒಮ್ಮೆ ಗಂಟನ್ನು ನೋಡಿದಳು. ಆಮೇಲೆ ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ಅವಳು ತನ್ನ ಗೋರಿಯಿಂದ ಬೊಗಸೆ ತುಂಬ ಮಣ್ಣು ತಂದು ಅವ್ವನ ಮೇಲೆ ಹಾಕಿದಳು. ಮೂರು ಸಲ ಅವ್ವನಿಗೆ, ಮೂರು ಸಲ ಅಪ್ಪನಿಗೆ. ಯಾರು ಕಲಿಸಿದ್ದರೋ, ಎಲ್ಲಿ ನೋಡಿದ್ದಳೋ. ಮುಗಿಸಿ ಅವ್ವನ ಗುಡ್ಡೆಯ ಮೇಲೆ ಕವಚಿ ಬಿದ್ದು ಅತ್ತಳು. ರೈಲು ಇಳಿದಂದಿನಿಂದ ಅವಳು ಅತ್ತದ್ದು ನಾನು ಕಂಡಿರಲಿಲ್ಲ. ಆ ಅಳುವಿಗೆ ಬದುವಿನ ಮೇಲಿನ ಬೆನ್ನು ಈ ಕಡೆ ತಿರುಗಿತು.

"ಏನ್ ಮಾಡಾಕತ್ತಾಳೋ ಅಕಿ?" ಎಂದು ಆಯಿ ಕೂಗಿ ಕೇಳಿದಳು.

"ಮಣ್ಣು ಕೊಡಾಕತ್ತಾಳವ್ವ," ಎಂದ ಕಾಕಾ. "ಅಣ್ಣಗ, ವೈನಿಗಿ, ಇಬ್ಬರಿಗೂ ಕೊಟ್ಟಳು."

ಆಯಿ ಹತ್ತಿಯ ಸಾಲುಗಳ ನಡುವೆ ಬರತೊಡಗಿದಳು. ಈ ನಡುವೆ ಹುಡುಗನನ್ನು ನಾವೆಲ್ಲ ಮರೆತಿದ್ದೆವು. ಬಿಡುಗಡೆಯಾದವನು ಎಲ್ಲಿಗೂ ಓಡಿರಲಿಲ್ಲ. ಅಕ್ಕ ಮಾಡಿದ್ದನ್ನು ನೋಡಿ, ತನ್ನ ಪಾಲಿನ ಸಣ್ಣ ಗುಡ್ಡೆಯ ಮುಂದೆ ಕೂತು ಎರಡೂ ಕೈಯಿಂದ ತೋಡುತ್ತಿದ್ದ. ಗುಂಡಿ ಆಳವಿರಲಿಲ್ಲ. ಅವನ ಕೈಗೆ ಬಟ್ಟೆಯ ಅಂಚು ಸಿಕ್ಕಿತು, ಜಗ್ಗಿದ. ಮಣ್ಣು ಮೆತ್ತಿದ ಕೆಂಪು ಕುಂಚಿಗೆ ಹೊರಗೆ ಬಂತು.

"ಬ್ಯಾಡ ಅಪ್ಪು, ಇಡು ಅದನ್ನ," ಎಂದು ಕಾಕಾ ಹತ್ತಿರ ಹೋದ. ಹುಡುಗ ಅದನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದ. ಸರಿದು ಹೋಗಿ ಆಯಿಯ ಕಾಲಿಗೆ ತಾಗಿದ.

ಇಬ್ಬರೂ ಒಬ್ಬರನ್ನೊಬ್ಬರು ಅದೇ ಮೊದಲು ನೋಡಿದ್ದು. ನಾನು ಮುಂದೆ ಹೋಗಲೇ ಎಂದು ಯೋಚಿಸಿ, ಹೋಗಲಿಲ್ಲ. ಅವಳು ಬಾಗಿ, ಅವನ ಕೈಯಿಂದ ಕುಂಚಿಗೆ ತೆಗೆದುಕೊಂಡಳು. ಅವನು ಬಿಟ್ಟುಕೊಟ್ಟ. ಅದನ್ನು ಕೊಡವಿದಳು, ಒಳಮಗ್ಗುಲು ಹೊರಗೆ ಮಾಡಿ ಮತ್ತೊಮ್ಮೆ ಕೊಡವಿದಳು, ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ಅವನ ತಲೆಗೆ ಹಾಕಿ ಎಳೆದಳು. ಅದು ನೆತ್ತಿಯ ಮೇಲೆಯೇ ನಿಂತಿತು, ಕಿವಿಯ ಹತ್ತಿರಕ್ಕೂ ಬರಲಿಲ್ಲ. ಇನ್ನೊಮ್ಮೆ ಎಳೆದು ನೋಡಿದಳು. ಆಮೇಲೆ ಎರಡೂ ಅಂಗೈಯಿಂದ ಅವನ ಮುಖ ಹಿಡಿದು, ಕತ್ತು, ಭುಜ, ತೋಳು ಮುಟ್ಟುತ್ತ ಬಂದಳು.

"ಇದು ಸಾಲಂಗಿಲ್ಲ ಇವಗ," ಎಂದಳು ಮಗನ ಕಡೆ ನೋಡಿ. "ಬೆಳದಾನಲ್ಲೋ ಇವ, ದೊಡ್ಡಾಂವ ಆಗ್ಯಾನ. ಮನ್ಯಾಗ ಅರಿವಿ ಅದ, ಹೊಸಾದು ಹೊಲಿತೀನಿ. ಅಕಿನ್ನ ಎಬ್ಬಿಸು, ಮನಿಗಿ ನಡೀರಿ."